ಬಡಾವಣೆಯ ಪಾರ್ಕು ಉಳಿಸಿಕೊಳ್ಳುವುದು ಹೇಗೆ? ಮೊದಲು ನಕ್ಷೆ ಕೈಗೆ ಬರಲಿ

ಬೆಂಗಳೂರಿನ ಸ್ಯಾಂಕಿ ಕೆರೆಯ ಹತ್ತಿರ, ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವೊಂದಿತ್ತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಅದನ್ನು ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟುಬಿಟ್ಟಿತು. ಸರ್ಕಾರದ ಆದೇಶವೂ ಬೆನ್ನಿಗಿತ್ತು. ಸುತ್ತಲಿನ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠ ಅವರ ಅರ್ಜಿಯನ್ನು ತಳ್ಳಿಹಾಕಿತು. ಅವರು ಸುಮ್ಮನಾಗಲಿಲ್ಲ. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಅವರ ವಾದ ಒಪ್ಪಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಅಲ್ಲಿಯೂ ನಿವಾಸಿಗಳೇ ಗೆದ್ದರು.

ಆ ಗೆಲುವಿಗೆ ಬುನಾದಿಯಾದದ್ದು ಹಳೆಯ ದಾಖಲೆ. 1945ರ ಬೆಂಗಳೂರು ನಗರ ಸುಧಾರಣಾ ಕಾಯ್ದೆಯಡಿ ಬಡಾವಣೆಗೆ ಮಾಡಿದ್ದ ಯೋಜನೆಯಲ್ಲಿ ಆ ಜಾಗವನ್ನು ಬಯಲು ಜಾಗವೆಂದು ಕಾಯ್ದಿರಿಸಲಾಗಿತ್ತು. ಪಾರ್ಕು ಉಳಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಬ್ಯಾನರ್ ಬರೆಸುತ್ತಾರೆ. ಆಮೇಲೆ ಎಂಎಲ್ಎ ಮನೆಗೆ ಹೋಗುತ್ತಾರೆ. ದಾಖಲೆ ಹುಡುಕುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ತಿರುಗಿಸಬೇಕು. ಹೇಗೆ ಎಂದು ಇಲ್ಲಿ ನೋಡೋಣ.

ಹೆಜ್ಜೆ 1: ಅದು ನಿಜಕ್ಕೂ ಪಾರ್ಕೇ?

ಮರ ಇದೆ, ಮಕ್ಕಳು ಆಡುತ್ತಾರೆ, ಕಲ್ಲುಬೆಂಚು ಇದೆ. ಇಷ್ಟರಿಂದ ಅದು ಕಾನೂನಿನ ಕಣ್ಣಲ್ಲಿ ಪಾರ್ಕು ಆಗುವುದಿಲ್ಲ. ಬಡಾವಣೆಯ ಮಂಜೂರಾದ ನಕ್ಷೆಯಲ್ಲಿ ಅದನ್ನು ಏನೆಂದು ಗುರುತಿಸಿದ್ದಾರೆ ಎಂಬುದೇ ಮುಖ್ಯ.

ಇಲ್ಲಿ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಸಿ.ಎ. ಸೈಟಿನ ವಿಷಯದಲ್ಲಿ. ಬಿಡಿಎ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಬಡಾವಣೆಯ ಒಟ್ಟು ಜಾಗದಲ್ಲಿ ಕನಿಷ್ಠ ಶೇ 15ರಷ್ಟು ಪಾರ್ಕು ಮತ್ತು ಆಟದ ಮೈದಾನಕ್ಕೆ ಇರಬೇಕು. ಅದರ ಮೇಲೆ ಕನಿಷ್ಠ ಶೇ 10ರಷ್ಟು ನಾಗರಿಕ ಸೌಲಭ್ಯಕ್ಕೆ, ಅಂದರೆ ಸಿ.ಎ. ಸೈಟುಗಳಿಗೆ ಇರಬೇಕು. ಸಿ.ಎ. ಸೈಟನ್ನು ಶಾಲೆಗೋ ಆಸ್ಪತ್ರೆಗೋ ಗುತ್ತಿಗೆ ಕೊಡಲು ಕಾನೂನಿನಲ್ಲೇ ದಾರಿ ಇದೆ. ಪಾರ್ಕಿಗೆ ಬಿಟ್ಟ ಜಾಗವನ್ನು ಹಾಗೆ ಕೊಡುವಂತಿಲ್ಲ. ಅದೇ ಕಾಯ್ದೆಯ 38-ಎ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ: ಪಾರ್ಕು, ಮೈದಾನಕ್ಕೆ ಕಾಯ್ದಿರಿಸಿದ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರಿದರೆ ಅಥವಾ ವಿಲೇವಾರಿ ಮಾಡಿದರೆ ಅದು ಅಸಿಂಧು. ಹೋರಾಟದುದ್ದಕ್ಕೂ ಈ ಸೆಕ್ಷನ್ ನಿಮ್ಮ ಜೊತೆಗಿರುತ್ತದೆ. ನೆನಪಿಟ್ಟುಕೊಳ್ಳಿ.

ನಿಮ್ಮದು ಸಿ.ಎ. ಸೈಟು ಎಂದು ಗೊತ್ತಾದರೆ ಹೋರಾಟವೇ ಬೇರೆ. ಕೊಟ್ಟ ಉದ್ದೇಶಕ್ಕೇ ಬಳಸುತ್ತಿದ್ದಾರೆಯೇ, ಹಂಚಿಕೆ ನಿಯಮದಂತೆ ಆಗಿದೆಯೇ ಎಂಬುದನ್ನಷ್ಟೇ ಪ್ರಶ್ನಿಸಬಹುದು. ಪಾರ್ಕು ಎಂದು ಕೂಗಿ ಆಮೇಲೆ ಸಿ.ಎ. ಸೈಟು ಎಂದು ಹೊರಬಿದ್ದರೆ ನಿಮ್ಮ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ಹೆಜ್ಜೆ 2: ಆರ್‌ಟಿಐ ಅರ್ಜಿ, 150 ಪದಗಳಲ್ಲಿ

ನಕ್ಷೆ ಬಿಡಿಎ ಬಡಾವಣೆಯದ್ದಾದರೆ ಬಿಡಿಎಯ ನಗರ ಯೋಜನಾ ವಿಭಾಗದಲ್ಲಿ ಇರುತ್ತದೆ. ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರವನ್ನು ಕೇಳಬೇಕು. ಬಡಾವಣೆ ಪಾಲಿಕೆಗೆ ಹಸ್ತಾಂತರವಾಗಿದ್ದರೆ ಪಾಲಿಕೆಗೂ ಒಂದು ಅರ್ಜಿ ಹಾಕಿ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ. ನಿಮ್ಮ ಬಡಾವಣೆ ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ. ತಪ್ಪಿ ಬೇರೆ ಕಚೇರಿಗೆ ಕೊಟ್ಟರೂ ಅವರು ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು.

ಕರ್ನಾಟಕದಲ್ಲಿ ಆರ್‌ಟಿಐ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ. ಅರ್ಜಿಯಲ್ಲಿ ಕಥೆ ಬೇಡ, ದೂರೂ ಬೇಡ. “ಯಾಕೆ ಕೊಟ್ಟಿರಿ?” ಎಂದು ಕೇಳಿದರೆ “ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ” ಎಂಬ ಉತ್ತರ ಬರುತ್ತದೆ. ಕಾಗದ ಕೇಳಿ. ಹೀಗೆ ಬರೆಯಬಹುದು:

“ಇಂಥ ಬಡಾವಣೆಯ ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ ಕೊಡಿ. ಇಂಥ ರಸ್ತೆಗಳ ನಡುವಿನ ಜಾಗವನ್ನು ಯಾವ ಉದ್ದೇಶಕ್ಕೆ ಕಾಯ್ದಿರಿಸಲಾಗಿದೆ ಎಂಬ ದಾಖಲೆಯ ಪ್ರತಿ ಕೊಡಿ. ಸದರಿ ಜಾಗವನ್ನು ಯಾರಿಗಾದರೂ ಹಂಚಿಕೆ, ಗುತ್ತಿಗೆ ಅಥವಾ ಮಾರಾಟ ಮಾಡಿದ್ದರೆ ಆ ಆದೇಶ ಮತ್ತು ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ. ಕಡತ ಪರಿಶೀಲನೆಗೆ ಅವಕಾಶ ಮಾಡಿಕೊಡಿ.”

ಕೊನೆಯ ಸಾಲನ್ನು ಬಿಡಬೇಡಿ. ಕಚೇರಿಗೆ ಹೋಗಿ ಕಡತ ತೆರೆದು ನೋಡುವುದು ನಿಮ್ಮ ಹಕ್ಕು. ಟಿಪ್ಪಣಿ ಹಾಳೆಗಳಲ್ಲಿ ಯಾವ ಅಧಿಕಾರಿ ಆಕ್ಷೇಪ ಎತ್ತಿದ್ದರು, ಯಾರು ಅದನ್ನು ಬದಿಗಿಟ್ಟರು ಎಂಬುದು ಇರುತ್ತದೆ. ಒಳಗಿನವರೇ “ಇದು ಪಾರ್ಕು, ಕೊಡಲು ಬರುವುದಿಲ್ಲ” ಎಂದು ಬರೆದಿದ್ದರೆ ಕೋರ್ಟಿನಲ್ಲಿ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಉತ್ತರಕ್ಕೆ 30 ದಿನ ಕಾಯಿರಿ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಈ ಮಧ್ಯೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಜಾಗದ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ. ನೋಂದಣಿಯಾದ ಕ್ರಯಪತ್ರವೋ ಗುತ್ತಿಗೆ ಪತ್ರವೋ ಇದ್ದರೆ ಅದರಲ್ಲಿ ಕಾಣುತ್ತದೆ.

ಹೆಜ್ಜೆ 3: ಜಾಗದ ಇವತ್ತಿನ ಸ್ಥಿತಿ ದಾಖಲಿಸಿ

ಟೇಪು ಹಿಡಿದು ಅಳೆಯಿರಿ. ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆದಿಡಿ. ದಿನಾಂಕ ಬರುವಂತೆ ಫೋಟೊ ತೆಗೆಯಿರಿ. ಮರಗಳನ್ನು ಎಣಿಸಿ.

ಜೊತೆಗೆ ಇನ್ನೊಂದು ಮಾತು ಹೇಳಲೇಬೇಕು. ಎಷ್ಟೋ ಪಾರ್ಕುಗಳ ಮೂಲೆಯಲ್ಲಿ ಸಂಘದ ಕಚೇರಿಯೋ ಯಾರದ್ದೋ ಕಾರಿನ ಶೆಡ್ಡೋ ಎದ್ದಿರುತ್ತದೆ. ಪಕ್ಕದ ಮನೆಯವರ ಕಾಂಪೌಂಡು ಎರಡು ಅಡಿ ಒಳಗೆ ಬಂದಿರುತ್ತದೆ. ಬಿಲ್ಡರ್ ಕಡೆಯ ವಕೀಲರು ಮೊದಲು ಎತ್ತಿ ತೋರಿಸುವುದೇ ಅದನ್ನು. ನೆರೆಯವರ ಜೊತೆ ಕೂತು ಮಾತಾಡಿ, ಅದನ್ನು ಮೊದಲು ತೆರವು ಮಾಡಿಸಿ. ಮುಜುಗರದ ಕೆಲಸ, ಆದರೆ ಆಗಲೇಬೇಕು.

ಹೆಜ್ಜೆ 4: ಆಕ್ಷೇಪಣೆಯ ಗಡುವು ತಪ್ಪಿಸಬೇಡಿ

ಮಹಾಯೋಜನೆಯಲ್ಲಿ, ಅಂದರೆ ಊರಿನ ಮಾಸ್ಟರ್ ಪ್ಲಾನಿನಲ್ಲಿ, ಹಸಿರು ಬಣ್ಣದಲ್ಲಿ ತೋರಿಸಿದ ಜಾಗವನ್ನು ವಾಣಿಜ್ಯ ಬಳಕೆಗೆ ಬದಲಿಸಬೇಕಾದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಸೆಕ್ಷನ್ ಅನ್ವಯಿಸುತ್ತದೆ. ಅದರಂತೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಸಾರ್ವಜನಿಕರ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಆ ಪ್ರಕಟಣೆ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಅದನ್ನು ದಿನವೂ ನೋಡುವ ಕೆಲಸ ಒಬ್ಬರಿಗೆ ಒಪ್ಪಿಸಿ. ನಿವೃತ್ತರಾದ ಹಿರಿಯರು ಒಬ್ಬರಾದರೂ ಇರುತ್ತಾರೆ ಅಲ್ವಾ? ಅವರನ್ನೇ ಕೇಳಿ.

ಆಕ್ಷೇಪಣೆಯನ್ನು ಮನೆಗೊಂದರಂತೆ ಬರೆಯಿರಿ. ಒಂದೇ ಪತ್ರವನ್ನು ಜೆರಾಕ್ಸ್ ಮಾಡಿ ಸಹಿ ಹಾಕಿಸಿದರೆ ಒಂದೇ ಆಕ್ಷೇಪಣೆ ಎಂದು ಬದಿಗಿಡುವುದು ಸುಲಭ. ಪ್ರತಿ ಪತ್ರದಲ್ಲೂ ಸರ್ವೆ ನಂಬರು, ನಕ್ಷೆಯಲ್ಲಿನ ಉದ್ದೇಶ, ಪ್ರಕಟಣೆಯ ದಿನಾಂಕ ಇರಲಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೊಹರಿಲ್ಲದಿದ್ದರೆ ಪತ್ರ ಕೊಟ್ಟಿದ್ದಕ್ಕೆ ಪುರಾವೆಯೇ ಇರುವುದಿಲ್ಲ.

ಹೆಜ್ಜೆ 5: ಬೀದಿಗಿಳಿಯುವುದು

ಈಗ ಬ್ಯಾನರ್ ಬರೆಸಿ. ಕೈಯಲ್ಲಿ ನಕ್ಷೆ ಇದ್ದಾಗ ಪತ್ರಕರ್ತರೂ ಕೇಳುತ್ತಾರೆ, ಜನಪ್ರತಿನಿಧಿಗಳೂ ಕೇಳುತ್ತಾರೆ. 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ಬೇಡ ಎಂದು ಸಾವಿರಾರು ಜನ ಮಾನವ ಸರಪಳಿ ಮಾಡಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಅಲ್ಲಿಯೂ ರಸ್ತೆಯ ಹೋರಾಟದ ಜೊತೆಗೇ ಕಾನೂನಿನ ಹೋರಾಟವೂ ನಡೆದಿತ್ತು.

ಹೆಜ್ಜೆ 6: ಪಾಯ ತೋಡುವ ಮೊದಲೇ ಕೋರ್ಟಿಗೆ

ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. “ಜಾಗ ನಿಮ್ಮದಲ್ಲ, ನಿಮಗೇನು ಹಕ್ಕು?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ 1991ರ ತೀರ್ಪಿನಲ್ಲೇ ಇದೆ. ಪಾರ್ಕು ಹೋದರೆ ನಷ್ಟವಾಗುವುದು ಅಲ್ಲಿನ ನಿವಾಸಿಗಳಿಗೆ, ಆದ್ದರಿಂದ ಅವರು ಪ್ರಶ್ನಿಸಬಹುದು ಎಂದು ಕೋರ್ಟು ಒಪ್ಪಿದೆ. ಆಸ್ಪತ್ರೆ ಎಷ್ಟೇ ಬೇಕಾದದ್ದಾದರೂ ಖಾಸಗಿ ನರ್ಸಿಂಗ್ ಹೋಮ್ ಪಾರ್ಕಿನ ಜಾಗ ತುಂಬಲಾರದು ಎಂಬುದೂ ಅದರಲ್ಲಿದೆ. ವಕೀಲರಿಗೆ ಪ್ರಕರಣದ ಹೆಸರು ಹೇಳಿ: ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ.

ಕೆಲಸ ಶುರುವಾಗುವ ಮೊದಲೇ ತಡೆಯಾಜ್ಞೆ ಕೇಳಿ. ತಡವಾದಷ್ಟೂ “ಇಷ್ಟು ದಿನ ಎಲ್ಲಿದ್ದಿರಿ?” ಎಂಬ ಮಾತು ಭಾರವಾಗುತ್ತದೆ. ಆದರೆ ಕಟ್ಟಡ ಎದ್ದಿದೆ ಎಂದು ಕೈಚೆಲ್ಲಬೇಡಿ. ಲಖನೌದ ಅಮೀನಾಬಾದಿನಲ್ಲಿ ಝಂಡೇವಾಲಾ ಪಾರ್ಕು ಎಂದೇ ಹೆಸರಾದ ಹಳೆಯ ಪಾರ್ಕಿದೆ. ಸ್ವಾತಂತ್ರ್ಯ ಹೋರಾಟದ ಸಭೆಗಳು ನಡೆದ ಜಾಗ ಅದು. ಅಲ್ಲಿನ ಮಹಾಪಾಲಿಕೆ ಪಾರ್ಕಿನ ನೆಲದಡಿ ಅಂಗಡಿ ಮಳಿಗೆ ಕಟ್ಟಲು ಬಿಲ್ಡರ್ ಒಬ್ಬರ ಜೊತೆ ಒಪ್ಪಂದ ಮಾಡಿಕೊಂಡಿತು, ಕೆಲಸವೂ ನಡೆಯಿತು. 1999ರಲ್ಲಿ ಸುಪ್ರೀಂ ಕೋರ್ಟು ಆ ಕಟ್ಟಡವನ್ನು ಕೆಡವಿ ಪಾರ್ಕನ್ನು ಮೊದಲಿನಂತೆ ಮಾಡಿ ಎಂದು ಆದೇಶಿಸಿತು. ಖರ್ಚು ಮಾಡಿದ ಹಣ ಬಿಲ್ಡರ್‌ನನ್ನು ಕಾಪಾಡಲಿಲ್ಲ.

ಹಣದ ಚಿಂತೆ ಇದ್ದರೆ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಕೋರ್ಟಿಗೆ ಹೋಗಲು ನೋಂದಾಯಿತ ಸಂಘವೇ ಬೇಕೆಂದಿಲ್ಲ. ಆದರೆ ಪ್ರಕರಣ ವರ್ಷಗಟ್ಟಲೆ ನಡೆಯಬಹುದು. ಮನೆ ಮಾರಿ ಹೋಗುವವರು ಇರುತ್ತಾರೆ, ದಣಿಯುವವರು ಇರುತ್ತಾರೆ. ಸಂಘವಿದ್ದರೆ ಹೋರಾಟ ಒಬ್ಬರ ಹೆಗಲ ಮೇಲೆ ಬೀಳುವುದಿಲ್ಲ. ಏಳು ಜನ ಸೇರಿದರೆ ನೋಂದಣಿ ಮಾಡಿಸಬಹುದು.

ಹೆಜ್ಜೆ 7: ಜಗಳವಿಲ್ಲದ ಪಾರ್ಕಿಗೂ ಇದೇ ಕೆಲಸ

1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ತಮ್ಮ ವ್ಯಾಪ್ತಿಯ ಪಾರ್ಕುಗಳ ಪಟ್ಟಿ ಮಾಡಬೇಕು. ನಿಮ್ಮ ಪಾರ್ಕು ಆ ಪಟ್ಟಿಯಲ್ಲಿ ಇದೆಯೇ ಎಂದು ಈಗಲೇ ಕೇಳಿ. ಇಲ್ಲದಿದ್ದರೆ ದೃಢೀಕೃತ ನಕ್ಷೆಯನ್ನು ಲಗತ್ತಿಸಿ, ಪಟ್ಟಿಗೆ ಸೇರಿಸುವಂತೆ ಆಯುಕ್ತರಿಗೆ ಪತ್ರ ಕೊಡಿ. ಪಾರ್ಕಿನ ಗೇಟಿನಲ್ಲಿ ಅಳತೆ ಸಮೇತ ಬೋರ್ಡು ಹಾಕಿಸಿ. ನಕ್ಷೆಯ ಪ್ರತಿ ಸಂಘದ ಬೀರುವಿನಲ್ಲಷ್ಟೇ ಇದ್ದರೆ ಸಾಲದು, ನಾಲ್ಕಾರು ಮನೆಗಳಲ್ಲೂ ಇರಲಿ. ವರ್ಷಕ್ಕೊಮ್ಮೆ ಇ.ಸಿ. ತೆಗೆಸುವುದನ್ನು ಸಂಘದ ವಾರ್ಷಿಕ ಸಭೆಯ ಕಾರ್ಯಸೂಚಿಗೆ ಸೇರಿಸಿಬಿಡಿ.