ಕರೆದರೆ ತಿರುಗದ ಮಗು: ಮೊದಲು ಎಲ್ಲಿಗೆ ಹೋಗಬೇಕು, ಮನೆಯಲ್ಲಿ ಏನು ಮಾಡಬೇಕು?

‘ಅವರಪ್ಪನೂ ತಡವಾಗಿಯೇ ಮಾತು ಕಲಿತ’ ಎಂಬ ಸಮಾಧಾನ ಆಟಿಸಂ (ಇತರರೊಂದಿಗೆ ಬೆರೆಯುವುದು, ಸಂವಹನ ಕಷ್ಟವಾಗುವ ಬೆಳವಣಿಗೆಯ ಸ್ಥಿತಿ) ಇರುವ ಮಗುವಿನ ಅಮೂಲ್ಯ ವರ್ಷಗಳನ್ನು ನುಂಗಿಬಿಡುತ್ತದೆ. ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳು ಮಾಡಿ ತೋರಿಸದಿದ್ದರೆ, ಬಂದಿದ್ದ ಮಾತು ನಿಂತುಹೋದರೆ ದಯವಿಟ್ಟು ಕಾಯಬೇಡಿ.

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಳಿಕ ಕಲಬುರಗಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರನ್ನು ಕಾಣಿ. ಹಳ್ಳಿಯವರು ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಲ್ಲಿಗೇ ತಪಾಸಣೆಗೆ ಬರುತ್ತದೆ. ರಕ್ತಪರೀಕ್ಷೆ, ಸ್ಕ್ಯಾನ್‌ಗಳಲ್ಲಿ ಆಟಿಸಂ ಕಾಣುವುದಿಲ್ಲ. ಮಗುವಿನ ನಡವಳಿಕೆ ನೋಡಿಯೇ ಗುರುತಿಸಬೇಕು. ಆದ್ದರಿಂದ ಮಗು ಆಡುವ, ಉಣ್ಣುವ ವಿಡಿಯೊಗಳು ಮೊಬೈಲಿನಲ್ಲಿರಲಿ.

ಚಿಕಿತ್ಸೆಯ ಹೆಚ್ಚಿನ ಪಾಲು ನಡೆಯುವುದು ಮನೆಯಲ್ಲೇ. ಬಾಳೆಹಣ್ಣನ್ನು ಕಣ್ಣಿಗೆ ಕಾಣುವಂತೆ, ಕೈಗೆ ಎಟುಕದಂತೆ ಇಡಿ. ಮಗು ನಿಮ್ಮತ್ತ ನೋಡುವವರೆಗೆ ಅಥವಾ ಕೈ ಚಾಚುವವರೆಗೆ ತಾಳಿ, ‘ಹಣ್ಣು ಬೇಕು’ ಎಂದು ಹೇಳಿ ಆಗಲೇ ಕೊಡಿ. ದಿನವೂ ಹೀಗೆ ಹತ್ತಾರು ಸಂದರ್ಭಗಳು ಸಿಗುತ್ತವೆ. ನಮ್ಮಲ್ಲಿ ಕನ್ನಡ, ಉರ್ದು, ಮರಾಠಿ ಒಂದೇ ಅಂಗಳದಲ್ಲಿ ಕೇಳಿಸುತ್ತವೆ. ಎರಡು ಭಾಷೆಯಿಂದ ಮಗುವಿಗೆ ಹೀಗಾಯಿತೆಂಬುದು ಸುಳ್ಳು. ನಿಮ್ಮ ಮನೆಮಾತಿನಲ್ಲೇ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡಿ.

ಶರಣಬಸವೇಶ್ವರ ಜಾತ್ರೆಗೋ ಮದುವೆಗೋ ಹೊರಡುವ ಮುನ್ನ ಆ ಜಾಗದ ಚಿತ್ರ ತೋರಿಸಿ. ಗದ್ದಲ ಹೆಚ್ಚಾದರೆ ಹೋಗಿ ಕೂರಲು ಶಾಂತ ಜಾಗವೊಂದನ್ನು ನೋಡಿಟ್ಟುಕೊಳ್ಳಿ. ಮಗು ಕಿವಿ ಮುಚ್ಚಿಕೊಂಡು ಚೀರುವುದು ಹಟವಲ್ಲ, ಸದ್ದು ತಾಳಲಾರದ ಸಂಕಟ. ಗದರಬೇಡಿ, ಹೊರಗೆ ಕರೆದುಕೊಂಡು ಹೋಗಿ. ನೆಂಟರು ತಾಯಿಯನ್ನು ದೂರಿದರೆ ತಂದೆ ಅಲ್ಲಿಯೇ ಉತ್ತರಿಸಬೇಕು: ಬೆಳೆಸಿದ ರೀತಿಯಿಂದಾಗಲಿ ಲಸಿಕೆಯಿಂದಾಗಲಿ ಆಟಿಸಂ ಬರುವುದಿಲ್ಲ. ವಾರದಲ್ಲಿ ಕೆಲವು ಹೊತ್ತಾದರೂ ಮಗುವಿನ ಪೂರ್ಣ ಹೊಣೆ ತಂದೆಯದಾಗಲಿ. ತಾಯಿಗೆ ನಿದ್ದೆಯೂ ಬೇಕು.

ಇನ್ನು ಕಾಗದಪತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ. ಕೇಂದ್ರ ಸರ್ಕಾರದ ಸಂಸ್ಥೆ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವೆಚ್ಚ ಭರಿಸುತ್ತದೆ, ಥೆರಪಿಯೂ ಅದರಲ್ಲಿ ಸೇರಿದೆ.

ಶೇ 40 ಅಥವಾ ಹೆಚ್ಚಿನ ವೈಕಲ್ಯ ದಾಖಲಾದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಕಾನೂನಿನ ಹಕ್ಕು. ಶಾಲೆಯವರು ಸೇರಿಸಿಕೊಳ್ಳದಿದ್ದರೆ ಕಾರಣವನ್ನು ಬರೆದುಕೊಡುವಂತೆ ಕೇಳಿ, ಆ ಪತ್ರದೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ.