ತುರುಮ್ತಿ ಫೋಟೋ ಬೇಕಂದ್ರ ಬೈಕ್ ಬಿಟ್ಟು ಬಣವಿ ಹಿಂದ ಕೂಡ್ರಿ

ತುರುಮ್ತಿ ಅಂದ್ರ ಒಂದು ಸಣ್ಣ ಬೇಟೆ ಹಕ್ಕಿ. ಮೊದಲ್ನೇ ಮಾತು, ಇದು ಶಿಕ್ರಾ ಅನ್ನೋ ಗಿಡುಗ ಅಲ್ರಿ. ನಾನೂ ಎರಡು ವರ್ಷ ಶಿಕ್ರಾ ಅಂತನೇ ತಿಳ್ಕೊಂಡು ಕ್ಯಾಮೆರಾ ಸೈತ ಎತ್ತದೇ ಮುಂದ ಹೋಗಿದ್ದೆ, ಈಗ ನೆನಸಿಕೊಂಡ್ರ ಹೊಟ್ಟಿ ಉರೀತದ. ಇದರ ಹೆಸರು ರೆಡ್ ನೆಕ್ಡ್ ಫಾಲ್ಕನ್, ಹಳೇ ಪುಸ್ತಕದಾಗ ರೆಡ್ ಹೆಡೆಡ್ ಮರ್ಲಿನ್ ಅಂತ ಇರ್ತದ, ಬಾಜ್ ಸಾಕಿ ಶಿಕಾರಿ ಮಾಡೋ ಮಂದಿ ಇದಕ್ಕ ತುರುಮ್ತಿ ಅಂತಿದ್ರು. ನಮ್ ಕಡೆ ಉರ್ದು ಮಾತು ಬಾಯಾಗ ಸಲೀಸಾಗಿ ಹೊಳ್ಳೋದರಿಂದ ನಾನೂ ತುರುಮ್ತಿ ಅಂತನೇ ಅಂತೀನಿ.

ಗುರುತು ಹಿಡಿಯೋದು ಹೆಂಗ ಅಂದ್ರ, ಪಾರಿವಾಳದಷ್ಟು ಗಾತ್ರ, ತಲಿ ಮತ್ತ ಕುತ್ತಿಗಿ ಇಟ್ಟಂಗಿ ಬಣ್ಣ, ಬೆನ್ನು ಬೂದಿ ಬಣ್ಣ, ಹೊಟ್ಟಿ ಮ್ಯಾಲ ಸಣ್ಣ ಸಣ್ಣ ಕರೀ ಗೆರಿ, ಬಾಲದ ತುದಿ ಹತ್ರ ದಪ್ಪನ್ ಕರೀ ಪಟ್ಟಿ. ಶಿಕ್ರಾದ್ದು ಕಣ್ಣು ಕೆಂಪು ಇಲ್ಲಾ ಹಳದಿ ಇರ್ತದ, ಇದರದು ಕರೀ ಕಣ್ಣು, ಸುತ್ತ ಹಳದಿ ಉಂಗುರ. ಹಾರೂವಾಗ ನೋಡಿದ್ರಂತೂ ಸಂಶಯನೇ ಬ್ಯಾಡ, ಶಿಕ್ರಾ ರೆಕ್ಕಿ ದುಂಡಗ, ತುರುಮ್ತಿದು ಕುಡಗೋಲಿನಂಗ ಚೂಪು. ಇನ್ನ ಚಳಿಗಾಲದಾಗ ಗಾಳ್ಯಾಗ ಒಂದೇ ಕಡೆ ರೆಕ್ಕಿ ಬಡೀತ ನಿಂತಿರ್ತದಲ್ಲ, ಅದು ಕೆಸ್ಟ್ರೆಲ್ ಅನ್ನೋ ಇನ್ನೊಂದು ಬೇಟೆ ಹಕ್ಕಿ, ಅದು ನಮ್ ಹೊಲದಾಗ ಬೇಕಾದಷ್ಟು ಸಿಗ್ತದ.

ಎಲ್ಲಿ ಹುಡುಕಬೇಕು? ಕಾಡಿಗಿ ಹೋಗಬ್ಯಾಡ್ರಿ. ಚಿಂಚೋಳಿ ಕಾಡು ಛಲೋನೇ ಅದ, ಆದ್ರ ಈ ಹಕ್ಕಿಗಿ ಬೇಕಾಗಿದ್ದು ಬಯಲು. ಖುಲ್ಲಾ ಹೊಲ, ನಡು ನಡು ಸಿಂದಿ ಗಿಡ ಇಲ್ಲಾ ತಾಳಿ ಗಿಡ, ಹತ್ರ ಒಂದು ಹಳ್ಳ, ಇಷ್ಟಿದ್ರ ಸಾಕು. ಕಲಬುರಗಿ ಜಿಲ್ಲಾದಾಗ ತೊಗರಿ ಜೋಡಿ ಹಿಂಗಾರಿ ಜೋಳ ಇರೋ ಕಡೆ ನೋಡ್ರಿ, ಯಾಕಂದ್ರ ಜೋಳ ಹಾಲುಗಾಳು ಆಗೋ ಹೊತ್ತಿಗಿ ಗುಬ್ಬಿ, ಗುಲಾಬಿ ಮೈನಾ ಎಲ್ಲಾ ಹಿಂಡು ಹಿಂಡು ಬಂದು ಬೀಳ್ತಾವ, ಅವುಗಳ ಹಿಂದ ಇದು ಬರ್ತದ. ಇದರ ಊಟನೇ ಸಣ್ಣ ಹಕ್ಕಿ, ಒಮ್ಮೊಮ್ಮೆ ಸಂಜಿಮುಂದ ಬಾವಲಿ. ಬರೇ ಕಣ್ಣಿಗಿ ಬಿದ್ದೀತು ಅಂತ ತಿರುಗೋಕಿಂತ ಗಿಡದ ಬುಡ ನೋಡ್ರಿ, ಬಿಳೀ ಹಿಕ್ಕಿ ಬಿದ್ದಿದ್ದು, ಗುಬ್ಬಿ ಪುಕ್ಕ ಚೆಲ್ಲಿದ್ದು ಕಂಡ್ರ ಮ್ಯಾಲ ಯಾವನೋ ಶಿಕಾರಿ ಕೂತು ಪುಕ್ಕ ಕಿತ್ತಾನ ಅಂತ ತಿಳೀರಿ, ಅದು ಮತ್ತ ಮತ್ತ ಅದೇ ಟೊಂಗಿಗಿ ಬರ್ತದ. ನಿಮಗ ಬೇಕಾದ ಅಡ್ರೆಸ್ ಅದೇ.

ಹೊಲದವ್ರನ್ನ ಕೇಳದೇ ಒಳಗ ಕಾಲಿಡಬ್ಯಾಡ್ರಿ. ದೊಡ್ಡ ಲೆನ್ಸ್ ನೋಡಿ ಸರ್ವೇದವ್ರು ಬಂದಾರ, ಜಮೀನು ಹೋಗ್ತದ ಅಂತ ಹೆದರ್ತಾರ, ಖರೇನೇ ಹೇಳ್ಲತೀನಿ, ನಂಗೊಬ್ಬ ಮುತ್ಯಾ ಕೋಲು ಹಿಡ್ಕೊಂಡು ಬಂದಿದ್ದ. "ಮುತ್ಯಾ, ಹಕ್ಕಿ ಫೋಟೋ ತೆಗೀಲಾಕ ಬಂದೀನ್ರಿ" ಅಂತ ಸ್ಕ್ರೀನ್ ತೋರ್ಸಿದ ಮ್ಯಾಲ ಅವನೇ ಹೇಳ್ದ, "ಅದು ಜೋಡಿ ಅದ ತಮ್ಮಾ, ಒಂದು ಗುಬ್ಬಿ ಎಬ್ಬಿಸ್ತದ, ಇನ್ನೊಂದು ಹಿಡೀತದ." ನಾನು ಪುಸ್ತಕದಾಗ ಓದಿದ್ದು ಅವ ದಿನಾ ನೋಡಿದ್ದ. ಗಂಡು ಹೆಣ್ಣು ಕೂಡಿ ಬೇಟೆ ಆಡೋದು ಈ ಹಕ್ಕಿ ಖಾಸಾ ಗುಣ, ಹಂಗಾಗಿ ಒಂದು ಕಂಡ್ರ ಸುಮ್ನೆ ಅದರ ಮ್ಯಾಲೇ ಕಣ್ಣು ನೆಡಬ್ಯಾಡ್ರಿ, ಇನ್ನೊಂದು ಎಲ್ಲದ ಅಂತ ಹುಡುಕ್ರಿ, ಆಕ್ಷನ್ ಬರೋದು ಎರಡ್ನೇದರಿಂದ. ಪರಿಚಯ ಮಾಡ್ಕೊಳ್ಳಾಕ ಎಳ್ಳ ಅಮಾಸಿಗಿಂತ ಛಲೋ ದಿನ ಇಲ್ಲ, ಅವತ್ತು ಹೊಲದ ತುಂಬ ಮಂದಿ, ಫೋಟೋ ಒಂದೂ ಸಿಗಂಗಿಲ್ಲ, ಆದ್ರ ಭಜ್ಜಿ, ಸಜ್ಜಿ ರೊಟ್ಟಿ ತಿಂದು ವರ್ಷಪೂರ್ತಿ ಪರವಾನಗಿ ತಗೊಂಡು ಬರಬಹುದು.

ಈಗ ಟೈಮ್. ನವೆಂಬರ್‌ದಿಂದ ಫೆಬ್ರವರಿ ಮೊದಲ್ನೇ ವಾರ. ಜನವರಿದಾಗ ನಮ್ ಕಡೆ ಸೂರ್ಯ ಹುಟ್ಟೋದು 6:50ರ ಸುಮಾರಿಗಿ, ನೀವು 6:15ಕ್ಕ ಜಾಗಾದಾಗ ಕೂತಿರಬೇಕು, ಹಕ್ಕಿಗಿಂತ ಮೊದ್ಲು. ಹಕ್ಕಿ ಬಂದು ಕೂತ ಮ್ಯಾಲ ನೀವು ನಡ್ಕೊಂತ ಹೋದ್ರ ಅದು ಹಾರ್ತದ, ಮತ್ತ ಬೆನ್ನು ಹತ್ತಿದ್ರ ಮತ್ತ ಹಾರ್ತದ, ನಾನು ಒಂದು ಚಳಿಗಾಲ ಪೂರಾ ಬೈಕ್ ಮ್ಯಾಲ ಹಿಂಗೇ ತಿರುಗಿ ಗಳಿಸಿದ್ದು ಬಾಲದ ಫೋಟೋ ಅಷ್ಟೇ, ಹಾರ್ಡ್ ಡಿಸ್ಕ್ ತುಂಬ ಬಾಲ. 9 ಗಂಟಿ ಆದ ಮ್ಯಾಲ ಮನಿಗಿ ಹೋಗ್ರಿ. ಕರೀ ಮಣ್ಣು ಕಾಯಾಕ ಹತ್ತಿತಂದ್ರ ನೆಲದ ಮ್ಯಾಲ ಬಿಸಿಲ್ಗುದುರಿ ಕುಣೀತದ, ಕಣ್ಣಿಗಿ ಕಾಣದಿದ್ರೂ ಉದ್ದ ಲೆನ್ಸ್‌ದಾಗ ಪೂರಾ ಕಾಣ್ತದ, ಹಕ್ಕಿ ನೀರಾಗ ಅಲುಗಾಡಿದಂಗ ಬರ್ತದ. ಲೆನ್ಸ್ ಕೆಟ್ಟದ ಅಂತ ನಾನು ರಿಪೇರಿಗಿ ಕೊಟ್ಟಿದ್ದೆ ಅಂದ್ರ ನೋಡ್ರಿ. ಲಕ್ಷ ಲಕ್ಷದ ಲೆನ್ಸ್ ತಂದ್ರೂ ಅದಕ್ಕ ಔಷಧಿಲ್ಲ. ಮಧ್ಯಾಹ್ನ ಹಕ್ಕಿನೂ ನೆರಳಾಗ ಕೂತಿರ್ತದ, ಮತ್ತ 4:30ರ ಮ್ಯಾಲ ಬರ್ರಿ.

ಕೂಡೋದು ಎಲ್ಲಿ? ಕಾರ್ ಇದ್ರ ಕಾರೇ ಛಲೋ, ಇಂಜಿನ್ ಬಂದ್ ಮಾಡಿ ಕಿಡಕಿ ಮ್ಯಾಲ ಲೆನ್ಸ್ ಊರಾಕ ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಇಟ್ಕೊಂಡು ಕೂಡ್ರಿ, ಹಕ್ಕಿಗಿ ಮನುಷ್ಯಾ ಕಂಡ್ರ ಭಯ, ನಿಂತ ಗಾಡಿ ಕಂಡ್ರ ಅಷ್ಟಿಲ್ಲ. ಬೀನ್ ಬ್ಯಾಗ್ ಖರೀದಿ ಮಾಡೋ ಜರೂರಿಲ್ಲ, ಹಳೇ ಜೀನ್ಸ್ ಕಾಲಿಗಿ ಜೋಳ ತುಂಬಿ ಹೊಲೀರಿ, ಆದ್ರ ವರ್ಷಕ್ಕೊಮ್ಮೆ ಬದಲ್ ಮಾಡ್ರಿ, ನಂದು ನುಸಿ ಹತ್ತಿ ಕಾರ್ ತುಂಬ ಹರಡಿತ್ತು. ಕಾರ್ ಇಲ್ಲಾಂದ್ರ ಕಣಿಕಿ ಬಣವಿ. ಸೂರ್ಯ ನಿಮ್ ಬೆನ್ನಿಗಿ ಬರೋಹಂಗ, ಗಿಡಕ್ಕ ಒಂದು 30-40 ಮೀಟರ್ ದೂರದ ಬಣವಿ ನೋಡ್ಕೊಂಡು ಮ್ಯಾಲೊಂದು ಮಾಸಿದ ಚಾದರ ಹೊದ್ಕೊಂಡು ಕೂಡ್ರಿ. ಕೂಡೋಕ್ಕಿಂತ ಮೊದ್ಲು ಕೋಲಿಂದ ಕೆದರಿ ನೋಡ್ರಿ, ಚೇಳು ಇರ್ತಾವ, ಹಾವೂ ಇರಬಹುದು.

ಕ್ಯಾಮೆರಾ ಸೆಟ್ಟಿಂಗ್ ಬಗ್ಗೆ ಮಂದಿ ಭಾಳ ತಲಿ ಕೆಡಿಸ್ಕೋತಾರ, ಅಷ್ಟು ಬ್ಯಾಡ. 150-600 ಎಂಎಂ ಇಲ್ಲಾ 200-500 ಎಂಎಂ ಝೂಮ್ ಲೆನ್ಸ್ ಸಾಕು. ಕೂತ ಹಕ್ಕಿಗಿ ಶಟರ್ 1/800 ಸೆಕೆಂಡ್, ಹಾರೋದಕ್ಕ 1/2500, ಅಪರ್ಚರ್ (ಲೆನ್ಸ್‌ದಾಗ ಬೆಳಕು ಬರೋ ಕಿಂಡಿ) ಪೂರಾ ತೆರೀರಿ, ಐಎಸ್‌ಒ (ಬೆಳಕಿಗಿ ಕ್ಯಾಮೆರಾದ ಸೂಕ್ಷ್ಮತೆ) ಆಟೋದಾಗ ಬಿಟ್ಟು 3200ಕ್ಕ ಲಿಮಿಟ್ ಹಾಕ್ರಿ, ಫೋಕಸ್ ಕಂಟಿನ್ಯುಯಸ್, ಅಂದ್ರ ಹಕ್ಕಿ ಸರದಂಗ ಫೋಕಸ್ ತಾನೇ ಬೆನ್ನು ಹತ್ತಬೇಕು. ಹಿಂದ ಬಿಳೀ ಆಕಾಶ ಇದ್ರ ಎಕ್ಸ್‌ಪೋಷರ್ +1 ಮಾಡ್ರಿ, ಇಲ್ಲಾಂದ್ರ ಆ ಇಟ್ಟಂಗಿ ಬಣ್ಣದ ತಲಿ ಕಾಗಿ ತಲಿ ಆಗ್ತದ. ಲೆನ್ಸ್ ಮ್ಯಾಲ ಫೋಕಸ್ ಲಿಮಿಟರ್ ಬಟನ್ ಇದ್ರ ದೂರದ್ದಕ್ಕ ಇಡ್ರಿ, ಹತ್ರದ ಸಿಂದಿ ಗರಿ ಹಿಡ್ಕೊಂಡು ಫೋಕಸ್ ಹಿಂದ ಮುಂದ ಓಡೋದು ತಪ್ತದ. ರಾ ಫೈಲ್‌ದಾಗೇ (ಕ್ಯಾಮೆರಾ ಒತ್ತಿ ಸಣ್ಣದು ಮಾಡದ ಮೂಲ ಫೈಲ್) ತೆಗೀರಿ.

ಹಾರೋ ಫೋಟೋಕ್ಕ ಒಂದು ಗುಟ್ಟು ಅದ. ಹಕ್ಕಿ ಜಿಗಿಯೋಕ್ಕಿಂತ ಮೊದ್ಲು ಭಾಳ ಸರ್ತಿ ಹಿಕ್ಕಿ ಹಾಕ್ತದ, ತಲಿ ಮ್ಯಾಲ ಕೆಳಗ ಆಡಿಸ್ತದ, ಮೈ ಮುಂದಕ್ಕ ಬಾಗಿಸ್ತದ. ಅಷ್ಟೊತ್ತಿಗಿ ಶಟರ್ 1/2500ಕ್ಕ ಹೋಗಿರಬೇಕು, ಫ್ರೇಮ್‌ದಾಗ ಅದು ಹೊಂಟ ದಿಕ್ಕಿಗಿ ಖಾಲಿ ಜಾಗಾ ಬಿಟ್ಟಿರಬೇಕು. ಗುಬ್ಬಿ ಹಿಂಡು ಒಮ್ಮೆಲೇ ಸುಮ್ಮನಾದ್ರ, ಕಾಗಿ ಬಾಯಿ ಮಾಡಾಕ ಹತ್ತಿದ್ರ ಅದೂ ಸುದ್ದಿನೇ, ಮೊಬೈಲ್ ಕೆಳಗಿಡ್ರಿ.

ಫೆಬ್ರವರಿ ಮೊದಲ್ನೇ ವಾರ ಆದ ಮ್ಯಾಲ ನಾ ಆ ಗಿಡದ ಕಡೆ ಹೋಗಂಗಿಲ್ಲ. ತುರುಮ್ತಿ ಸ್ವಂತ ಗೂಡು ಕಟ್ಟಂಗಿಲ್ರಿ, ಕಾಗಿ ಬಿಟ್ಟ ಹಳೇ ಗೂಡು ಹಿಡೀತದ, ಬ್ಯಾಸಗಿ ಬರೋ ಹೊತ್ತಿಗಿ ಮೊಟ್ಟಿ ಮರಿ ಇರ್ತಾವ. ತಾಯಿ ಎದ್ದು ನಿಮ್ ತಲಿ ಮ್ಯಾಲ ಕಿರಿಚಿ ಸುತ್ತಾಕ ಹತ್ತಿದ್ಲಂದ್ರ ಆ ಬಿಸಿಲಾಗ ಮೊಟ್ಟಿ ಬೇಯ್ತಾವ, ಇಲ್ಲಾ ಕಾಗಿ ಒಯ್ತಾವ. 1972ರ ವನ್ಯಜೀವಿ ಕಾಯ್ದೆದಾಗ ಬೇಟೆ ಅನ್ನೋ ಪದದ ಅರ್ಥದೊಳಗ ಹಕ್ಕಿ ಗೂಡು ಕೆಣಕೋದೂ ಬರ್ತದ, ಗುಂಡು ಹೊಡೀಬೇಕಂತ ಏನಿಲ್ಲ. ಮೊಬೈಲ್‌ದಾಗ ಅದರ ದನಿ ಹಾಕಿ ಕರಿಯೋದು, ಪಾರಿವಾಳ ಕಟ್ಟಿ ಆಸಿ ತೋರ್ಸೋದು, ಡ್ರೋನ್ ಹಾರ್ಸೋದು, ಇವು ಮಾಡೋರ ಜೋಡಿ ನಾನು ಚಾ ಕುಡಿಯಾಕೂ ಹೋಗಂಗಿಲ್ಲ.

ಜಗತ್ತಿನ ಲೆಕ್ಕದಾಗ ಇದು ನಿಯರ್ ಥ್ರೆಟೆನ್ಡ್, ಅಂದ್ರ ಅಪಾಯದ ಅಂಚಿಗಿ ಬಂದ ಹಕ್ಕಿ, ನಮ್ ಕಡೆ ಸಿಂದಿ ಗಿಡ ಕಡೀಲತ್ತಾರ, ಹಿಂಗಾಗಿ ಒಂದು ಗಿಡದ ಪತ್ತಾ ಹೊರಗ ಬಿತ್ತಂದ್ರ ಮುಂದಿನ ಐತವಾರ ಹತ್ತು ಕಾರ್ ನಿಂತಿರ್ತಾವ. ಮೊಬೈಲ್‌ದಾಗ ತೆಗೆದಿದ್ರ ಫೋಟೋ ಹಾಕೋಕ್ಕಿಂತ ಮೊದ್ಲು ಲೊಕೇಶನ್ ಅಳಿಸ್ರಿ, ಹಿಂದ ಊರಿನ ಗುಡಿ, ಟವರ್ ಕಂಡ್ರ ಕ್ರಾಪ್ ಮಾಡ್ರಿ. ಎಲ್ಲಿ ತೆಗೆದಿದ್ರಿ ಅಂತ ಯಾರಾದ್ರೂ ಕೇಳಿದ್ರ ಕಲಬುರಗಿ ಜಿಲ್ಲಾ ಅನ್ರಿ, ಸುಳ್ಳಂತೂ ಹೇಳಿದಂಗ ಆಗಂಗಿಲ್ಲ.