ಡಿಕ್ರಿಯಾದ ಜಮೀನು ಸ್ವಾಧೀನಕ್ಕೆ ಪಡೆಯುವ ಬಗೆ

ಸಕಲೇಶಪುರದ ತೋಟವಾಗಲಿ, ಅರಸೀಕೆರೆಯ ಹೊಲವಾಗಲಿ, ಡಿಕ್ರಿಯಾದ (ಕೋರ್ಟು ನಿಮ್ಮ ಪರ ತೀರ್ಪು ಕೊಟ್ಟ) ಮಾತ್ರಕ್ಕೆ ಕೈಗೆ ಬರುವುದಿಲ್ಲ. ಡಿಕ್ರಿ ಮಾಡಿದ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿ ಜಾರಿ ಮಾಡಿಸಿಕೊಡಿ ಎಂಬ ಅರ್ಜಿ, ಹಾಕಬೇಕು. ಸ್ವಾಧೀನದ ಡಿಕ್ರಿಗೆ ಗಡುವು 12 ವರ್ಷ. 2 ವರ್ಷ ದಾಟಿದರೆ ಎದುರಾಳಿಗೆ ಮೊದಲು ನೋಟಿಸ್ ಹೋಗಬೇಕಾಗುತ್ತದೆ, ತಡಮಾಡಬೇಡಿ.

ಸ್ವಾಧೀನ ಕೊಡಿಸಲು ಕೋರ್ಟು ಹೊರಡಿಸುವ ವಾರಂಟ್ ಸಾಮಾನ್ಯವಾಗಿ ಎಡವುವುದು ಷೆಡ್ಯೂಲಿನಲ್ಲಿ, ಅಂದರೆ ಡಿಕ್ರಿಯಲ್ಲಿರುವ ಜಮೀನಿನ ವಿವರದಲ್ಲಿ. ದಾವೆ ನಡೆಯುವಾಗಲೇ ಪೋಡಿಯಾಗಿ (ಸರ್ವೆ ನಂಬರು ಒಡೆದು) 45/2 ಇದ್ದದ್ದು 45/5 ಆಗಿದ್ದರೆ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ತಾಳೆಯಾಗದಿದ್ದರೆ, ವಾರಂಟ್ ಜಾರಿ ಮಾಡುವ ಕೋರ್ಟಿನ ಅಮೀನರು ಜಾಗ ಗುರುತಿಸಲಾಗದೆ ವಾರಂಟ್ ವಾಪಸ್ ಮಾಡುತ್ತಾರೆ. ಅರ್ಜಿಗೆ ಮುಂಚೆಯೇ ಪಹಣಿ, ಸರ್ವೆ ನಕ್ಷೆ ಎದುರಿಗಿಟ್ಟು ಸಾಲು ಸಾಲಾಗಿ ನೋಡಿ. ಇದನ್ನು ಮುಂದೂಡಿದವರೇ ಹೆಚ್ಚು ಅಲೆಯುತ್ತಾರೆ.

ಶುಲ್ಕ ಕಟ್ಟಿ, ಅಮೀನರೊಂದಿಗೆ ಹೋಗಿ ಗಡಿ ತೋರಿಸಿ. ಬೀಗ ಒಡೆಯಲು, ಪೊಲೀಸ್ ನೆರವಿಗೆ ಮೊದಲೇ ಆದೇಶ ಪಡೆದಿರಿ. ಯಾರಾದರೂ ಅಡ್ಡ ನಿಂತರೆ ಕೈಮಾಡಬೇಡಿ: ಅದನ್ನು ಅಮೀನರ ವರದಿಯಲ್ಲಿ ಬರೆಸಿ, 30 ದಿನದೊಳಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 97ರಡಿ ಅರ್ಜಿ ಹಾಕಿ. ಮಹಜರಿಗೆ (ಸ್ಥಳದಲ್ಲೇ ಬರೆಯುವ ವರದಿಗೆ) ಸಹಿ ಹಾಕುವ ಮುನ್ನ ಎಕರೆ-ಗುಂಟೆ ಓದಿ ನೋಡಿ.